ಹನ್ನೊಂದನೆಯ ಹಾಳೆ

"ಮತ್ತೆ ಅದೇ ಅರ್ಧಾನಾ ಭಾವ? ನಿನ್ನೆಯಿಂದ ಮೂರು ಸಲ ಆಯ್ತು. ಯಾರಿಗಾದ್ರೂ ಬಾಯಿಪಾಠ ಒಪ್ಪಿಸಬೇಕಾ?" ಎಂದ ಬೈಂಡರ ಹೆಂಡತಿಯ ತಮ್ಮ, ಟೀ ಲೋಟವನ್ನು ಮೇಜಿನ ಮೇಲಿಡುತ್ತ. ಮನೆಯಲ್ಲೇ ಮುದುಡಿಕೊಂಡಿದ್ದವರನ್ನು ರಜೆಗೆಂದು ಎಬ್ಬಿಸಿಕೊಂಡು ಬಂದವನು ಅವನೇ.

ಪುಸ್ತಕ ಹೊಲಿದು ರಟ್ಟು ಹಾಕುವ ಕಸುಬಿನ ಬೈಂಡರು ಕೈಲಿದ್ದ ಅರ್ಧ ಕಾದಂಬರಿಯ ಹಾಳೆ ಮಗುಚಿದರು. ಕಡಲಿಗೆ ಮುಖ ಮಾಡಿದ್ದ ಆ ವಸತಿಗೃಹದ ವರಾಂಡದಲ್ಲಿ ಎರಡೇ ಬೆತ್ತದ ಕುರ್ಚಿಗಳು. ಒಂದರಲ್ಲಿ ಅವರು, ಇನ್ನೊಂದರಲ್ಲಿ ತೀರಿಕೊಂಡ ಹೆಂಡತಿಯ ಬಟ್ಟೆಯ ಚೀಲ. ಭಾಮೈದ ಚೀಲವನ್ನು ಸರಿಸದೆ ಮೆಟ್ಟಿಲ ಮೇಲೆ ಕೂತ.

ಇಪ್ಪತ್ತೆರಡು ವರ್ಷ ಗಂಡ ಹೆಂಡತಿ ರಜೆಗೆ ಇಲ್ಲಿಗೇ ಬಂದಿದ್ದರು. ಪ್ರತಿ ಸಲವೂ ಒಂದೇ ಕಾದಂಬರಿ. ಹೊರಡುವ ಮುನ್ನ ಬೈಂಡರು ಅದರ ಹೊಲಿಗೆ ಬಿಚ್ಚಿ ಎರಡು ಮಾಡುತ್ತಿದ್ದರು. ಆಕೆ ಮೊದಲರ್ಧ ಮುಗಿಸಿ ಅವರ ಕೈಗಿಟ್ಟು ಎರಡನೆಯದನ್ನು ಹಿಡಿಯುತ್ತಿದ್ದಳು. ಓದು ನಿಂತಲ್ಲಿ ಗುರುತಿಗೆ ಹೊಲಿಗೆಯ ಮೇಣದ ದಾರ. ಓದಿ ಮುಗಿಸಿದ ಮೇಲೆ ಅದೇ ದಾರವನ್ನು ಹಾಳೆಗಳ ಸುತ್ತ ಸುತ್ತಿ ಒಂದು ಗಂಟು. ಕತೆಯ ಕೊನೆಯ ಬಗ್ಗೆ ಮಾತ್ರ ಆಕೆ ಏನು ಮಾಡಿದರೂ ಬಾಯಿ ಬಿಡುತ್ತಿರಲಿಲ್ಲ. ಊರಿಗೆ ಮರಳಿ ಅವರು ಎರಡನ್ನೂ ಕೂಡಿಸಿ ಹೊಲಿದು ರಟ್ಟು ಹಾಕಿದರೆ ಆ ವರ್ಷದ ರಜೆ ಮುಗಿದಂತೆ.

ಹೋದ ವರ್ಷದ ಪುಸ್ತಕ ಇನ್ನೂ ಎರಡಾಗಿಯೇ ಇತ್ತು. ಊರು ಸೇರಿದ ಒಂಬತ್ತನೆಯ ದಿನ ಆಕೆ ಆಸ್ಪತ್ರೆಗೆ ಹೋದಳು. ತಿಂಗಳು ತುಂಬುವುದರೊಳಗೆ ದೇವರು ಕರೆಸಿಕೊಂಡ. ಎರಡನೆಯ ಅರ್ಧ ಆ ಚೀಲದಲ್ಲೇ ಉಳಿಯಿತು. ಅದನ್ನು ಓದಿದರೆ ಹೊಲಿಯಬೇಕು. ಹೊಲಿದರೆ ಅವಳೊಂದಿಗಿನ ಕೊನೆಯ ರಜೆಯೂ ಮುಗಿಯುತ್ತದೆ.

"ಕೊನೆ ಹೇಳೇ, ಕೊನೆ ಹೇಳೇ ಅಂತ ನಮ್ಮಕ್ಕನ ಪ್ರಾಣ ತಿಂದೋರು ನೀವು," ಎಂದ ಭಾಮೈದ. "ಈಗ ಕೈಗೆ ಸಿಕ್ಕಿದೆ, ಓದೋದಕ್ಕೇನು? ಅವಳಿಗೆ ಗೊತ್ತಿದ್ದದ್ದು ನಿಮಗೂ ಗೊತ್ತಾಗ್ಲಿ."

ಆ ಮಾತು ಬೈಂಡರಿಗೆ ನಾಟಿತು. ಚೀಲ ತೆರೆದು ಕಟ್ಟನ್ನು ಹೊರತೆಗೆದರು. ಅದರ ಸುತ್ತ ದಾರವಿರಲಿಲ್ಲ. ದಾರ ಒಳಗಿತ್ತು, ಹನ್ನೊಂದನೆಯ ಹಾಳೆಯಲ್ಲಿ.

ಹೋದ ವರ್ಷ ಆರು ದಿನ ಆಕೆ ಈ ಅರ್ಧವನ್ನು ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಆಗಾಗ ಹಾಳೆ ಮಗುಚುವ ಸದ್ದು ಕೇಳುತ್ತಿತ್ತು. ಮತ್ತೆ ಕೆಲವು ಸಲ ಪುಸ್ತಕವನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದಳು. ಕಡಲ ಗಾಳಿಗೆ ಚಳಿಯಾಗಿರಬೇಕು ಎಂದುಕೊಂಡು ಅವರು ಕತೆಗೆ ಮರಳಿದ್ದರು. ಹೊರಡುವ ಬೆಳಿಗ್ಗೆ "ಮುಗೀತಾ?" ಎಂದು ಕೇಳಿದ್ದರು.

"ಮುಗೀತು."

"ಕತೇಲಿರೋ ಆ ಹುಡುಗಿ ಮನೆಗೆ ವಾಪಸ್ ಬರ್ತಾಳಾ?"

"ನೀವೇ ಓದಿ ನೋಡಿ," ಎಂದು ನಕ್ಕಿದ್ದಳು.

ದೇವರೇ, ಎಂದುಕೊಂಡರು ಬೈಂಡರು.

"ದಾರದಿಂದ ಆಚೆ ಓದಿರಲಿಲ್ಲ ಕಣೋ ಅವಳು," ಎಂದರು. "ಸುಮ್ನೆ ಹಾಳೆ ಮಗುಚ್ತಾ ನೋವು ತಿಂತಾ ಕೂತಿದ್ಲು. ನಾನು ಇಲ್ಲೇ ಇದ್ದೆ, ಇಷ್ಟು ಹತ್ತಿರ. ತಲೆ ಎತ್ತಿ ನೋಡಲಿಲ್ಲ."

ಟೀ ಕೆನೆಗಟ್ಟಿತ್ತು. ಭಾಮೈದ ಮೆಟ್ಟಿಲ ಮೇಲಿಂದಲೇ ತಿರುಗಿ, "ದಾರ ಇರೋ ಕಡೆಯಿಂದ ಗಟ್ಟಿಯಾಗಿ ಓದಿ ಭಾವ," ಎಂದ.

"ಹಿಂದಿನದು ಗೊತ್ತಿಲ್ದೆ ನಿನಗೇನು ಅರ್ಥ ಆಗುತ್ತೆ?"

"ನನಗಲ್ಲ," ಎಂದು ಭಾಮೈದ ಕುರ್ಚಿಯ ಮೇಲಿನ ಚೀಲದ ಕಡೆ ನೋಡಿದ.

ಬೈಂಡರು ಎರಡನೆಯ ಅರ್ಧದ ಮೊದಲ ಹತ್ತು ಹಾಳೆಗಳನ್ನು ಮನಸ್ಸಿನಲ್ಲೇ ಓದಿಕೊಂಡರು. ದಾರದ ಬಳಿ ಬರುವಷ್ಟರಲ್ಲಿ ಬಿಸಿಲು ಮೆಟ್ಟಿಲು ಹತ್ತಿತ್ತು. ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಓದತೊಡಗಿದರು. ಪುಟದ ಕೊನೆಗೆ ಬಂದಾಗ ಸ್ವಲ್ಪ ತಡೆದರು. ಮೇಣದ ದಾರವನ್ನೆತ್ತಿ ಮುಂದಿನ ಹಾಳೆಗೆ ಸರಿಸಿಟ್ಟರು. ಆಮೇಲಷ್ಟೇ ಪುಟ ಮಗುಚಿದರು.