ತೊರೆಯ ಬಳಿ ಬಾಗಿದ ಬೇಲಿ

ಮಾರ್ಚಿನ ಪ್ರವಾಹ ವೈರೋವಾ ಸೀಮೆಯ ಗುಡ್ಡಗಳ ನಡುವಿನ ಆ ಬೇಲಿಯನ್ನು ಅರ್ಧಕ್ಕರ್ಧ ಕೊಚ್ಚಿಕೊಂಡು ಹೋಗಿತ್ತು. ಒಂದು ಬದಿ ಐಲ್ಸಾಳ ಕುರಿಗಳು, ಇನ್ನೊಂದು ಬದಿ ರೇವಿಯವು. ಗಡಿಬೇಲಿಯ ಖರ್ಚು ಇಬ್ಬರಿಗೂ ಸಮಪಾಲು. ಹಾಗಾಗಿ ಒಂದು ಬೆಳಿಗ್ಗೆ ಇಬ್ಬರೂ ಟೇಪು ಹಿಡಿದು, ಸಾಮಾನಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಲು ಹೊರಟರು.

ಐಲ್ಸಾಳಿಗೆ ಈಗ ಅರವತ್ತೆಂಟು. ಆ ಬೇಲಿ ಹಾಕಿದಾಗ ಏಳು. ಅವಳ ಅಪ್ಪ ಡಂಕನ್ ಮತ್ತು ರೇವಿಯ ಅಪ್ಪ ತಮಾಟಿ ಇಡೀ ಬೇಸಿಗೆ ಗುಂಡಿ ತೋಡಿದ್ದರು. ಚಹಾ ಹೊತ್ತು ತರುವುದು ಅವಳ ಕೆಲಸ. ತಂತಿ ಬಿಗಿಯಾಯಿತೋ ಇಲ್ಲವೋ ಎಂದು ಅಪ್ಪ ಬೆರಳಿನಿಂದ ಮೀಟಿ ಕಿವಿಗೊಡುತ್ತಿದ್ದ. ತಮಾಟಿ ಅದೇ ಶ್ರುತಿಗೆ ಹಾಡು ಶುರುಮಾಡುತ್ತಿದ್ದ.

"ಹಳೇ ಸಾಲಲ್ಲೇ ಹೋದ್ರೆ ಆರುನೂರ ನಲವತ್ತು ಮೀಟರು," ರೇವಿ ಚೀಟಿಯಲ್ಲಿ ಬರೆದುಕೊಂಡ. "ನಾಲ್ಕು ಮೀಟರಿಗೊಂದು ಕಂಬ, ನೂರ ಅರವತ್ತೊಂದು. ತಂತಿ ಎಂಟು ಎಳೆ."

ತೊರೆಯ ಹತ್ತಿರ ಬೇಲಿ ಐಲ್ಸಾಳ ಜಮೀನಿನೊಳಕ್ಕೆ ಬಾಗಿ, ಒಂದು ಮುದಿ ಮರವನ್ನು ಬಳಸಿ ಮತ್ತೆ ಸಾಲಿಗೆ ಸೇರುತ್ತಿತ್ತು.

"ನಿಮ್ಮಪ್ಪಂಗೆ ನೇರ ಗೆರೆ ಎಳೆಯೋಕೆ ಬರ್ತಿರ್ಲಿಲ್ವಾ?" ಅಂದ ರೇವಿ. "ಇದನ್ನ ನೆಟ್ಟಗೆ ಮಾಡಿದ್ರೆ ಆರು ಕಂಬ ಉಳಿಯುತ್ತೆ. ಮೂಲೆಗೆ ದಪ್ಪ ಕಂಬಾನೂ ಬೇಡ. ಐನೂರು ಡಾಲರ್ ಉಳೀತು, ನಿನ್ನ ಜಾಗಾನೂ ನಿಂಗೆ ವಾಪಸ್ಸು."

"ಬೇಡ. ಹಳೇ ಸಾಲಲ್ಲೇ ಹೋಗ್ಲಿ."

"ಕಾಸಿಗೆ ಕಾಸು ಎಣಿಸೋ ಸ್ಕಾಟ್ಲೆಂಡಿನವರ ಮಗಳು ಐನೂರು ಡಾಲರ್ ಬೇಡ ಅಂತೀಯ? ಮೈ ಹುಷಾರಿದೆಯಾ?"

ಐಲ್ಸಾ ನಗಲಿಲ್ಲ. "ನೀನು ಹುಟ್ಟಿದ್ದು ಆ ಬೇಸಿಗೇಲೇ, ರೇವಿ. ಹೆರಿಗೆ ಆದ್ಮೇಲೆ ನಿಮ್ಮಜ್ಜಿ ನಿನ್ನ ಮಾಸು ಹೂತಿದ್ದು ಈ ಮರದ ಬುಡದಲ್ಲಿ. ಬೇಲಿ ಇಲ್ಲೀತನಕ ಬಂದಾಗ ಮರ ನಮ್ಮ ಕಡೆಗೆ ಸೇರೋ ಹಾಗಾಯ್ತು. ನಿಮ್ಮಪ್ಪ ಗುದ್ದಲಿ ಕೆಳಗಿಟ್ಟು ಮರಾನೇ ನೋಡ್ತಾ ನಿಂತ. ನಮ್ಮಪ್ಪ ಏನೂ ಕೇಳ್ಲಿಲ್ಲ. ಗುರುತಿನ ಗೂಟ ಕಿತ್ಕೊಂಡು ಹೋಗಿ ಮರದಾಚೆ, ನಮ್ಮ ಜಮೀನಲ್ಲೇ ಹೊಡೆದ."

ರೇವಿಯ ಜನರಲ್ಲಿ ಮಗುವಿನ ಮಾಸು ಹೂತ ನೆಲವೇ ಅದರ ಬೇರು. ತನ್ನ ಮಾಸು ತೊರೆಯ ಆಸುಪಾಸಿನಲ್ಲಿದೆ ಎಂದಷ್ಟೇ ಅವನಿಗೆ ಗೊತ್ತಿತ್ತು. ಜಾಗ ತೋರಿಸಬೇಕಾದವರೆಲ್ಲ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಅವನು ಹ್ಯಾಟು ತೆಗೆದು ತೊಗಟೆಯ ಮೇಲೆ ಅಂಗೈಯಿಟ್ಟ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತು ಅಂದ್ಕೊಂಡಿದ್ದೆ ಕಣೋ."

ಬಾಗಿನ ಕಂಬಗಳ ಖರ್ಚು ಪೂರ್ತಿ ತನ್ನದೇ ಎಂದು ರೇವಿ ಹಟ ಹಿಡಿದ. "ನಮ್ಮಪ್ಪ ಅರ್ಧ ಕೊಟ್ಟಿದ್ದ, ನಾನೂ ಕೊಡ್ತೀನಿ," ಎಂದು ಐಲ್ಸಾ ಚೀಟಿ ಕಿತ್ತುಕೊಂಡಳು.

ಮೇ ತಿಂಗಳಲ್ಲಿ ಹೊಸ ಬೇಲಿ ಎದ್ದಿತು. ಚಳಿಗಾಲದಲ್ಲಿ ರೇವಿಗೆ ಮೊದಲ ಮೊಮ್ಮಗಳು ಹುಟ್ಟಿದಳು. ಅವಳ ಮಾಸು ಹೂಳಲು ಅವನು ಅದೇ ಮರದ ಬಳಿಗೆ ಬಂದ; ಐಲ್ಸಾಳನ್ನೂ ಕರೆದಿದ್ದ.