ಮುಷ್ಟಿ ಬಿಡ್ರಿ

ಗುಂಯ್ ಅನ್ನುತ್ತಿದೆ ರಕ್ತ ತಿರುಗಿಸುವ ಯಂತ್ರ ಒಂದೇ ಸಮನೆ, ಮುಚ್ಚಳದ ಕೆಳಗೆ ನಿಮಿಷಕ್ಕೆ ಮೂರು ಸಾವಿರ ಸುತ್ತು, ಒಂದು ಕುಳಿಯಲ್ಲಿ ಅವನ ರಕ್ತದ ನಳಿಗೆ, ಎದುರು ಕುಳಿಯಲ್ಲಿ ಅಷ್ಟೇ ತೂಕದ ನೀರಿನ ನಳಿಗೆ, ನೀರಿನದು ಯಾವ ತಪಾಸಣೆಗೂ ಬೇಡ, ಯಂತ್ರ ಅಲುಗಾಡದಿರಲಿ ಎಂದು ಇಡುವುದು ಅಷ್ಟೆ, ಅದರ ಮೇಲೆ ಹೆಸರಿರುವುದಿಲ್ಲ — ರಕ್ತದ ನಳಿಗೆಯ ಮೇಲೆ ಇದೆ, ನನ್ನದೇ ಅಕ್ಷರ, ಮಲ್ಲಿನಾಥ ಅಣ್ಣಾರಾಯ, ಸಂಖ, ಗಂಡು, ಇಪ್ಪತ್ತೊಂಬತ್ತು. ಹೆಸರೇನ್ರಿ ನಿಮ್ಮದು, ಎಂದು ಕೇಳಿದೆ. ಎಂಟು ವರ್ಷ ಕಿವಿಗೆ ಬಾಯಿಟ್ಟು ಕರೆದ ಹೆಸರನ್ನು ಅವನ ಅಪ್ಪನ ಎದುರು ಕೇಳಿ ಬರೆದುಕೊಂಡೆ, ವಯಸ್ಸೆಷ್ಟ್ರಿ, ಅವನು ಒಂದು ಕ್ಷಣ ನನ್ನ ಮುಖ ನೋಡಿ, ಇಪ್ಪತ್ತೊಂಬತ್ತರಿ ಸರ, ಅಂದ. ಸರ. ಈಗ ಹೊರಗೆ ಬಾಕಿನ ಮೇಲೆ ಮೂವರೂ ಕೂತಿದ್ದಾರೆ, ಈ ಕಡೆ ಅಪ್ಪ ಅಣ್ಣಾರಾಯ, ಸಂಖದಲ್ಲಿ ಬೀಜ ಗೊಬ್ಬರದ ಅಂಗಡಿ, ಹಣೆಗೆ ಮೂರು ಬೆರಳು ವಿಭೂತಿ, ಆ ಕಡೆ ಸೋದರಮಾವ ಶ್ರೀಶೈಲಪ್ಪ, ನಡುವೆ ಅವನು, ಮೊಣಕೈ ಮಡಚಿ ಹತ್ತಿಯನ್ನು ಅದುಮಿಕೊಂಡು. ಅಣ್ಣಾರಾಯರು ಮನೆಯಿಂದ ತಂದ ಬಾಟಲಿಯ ನೀರನ್ನೇ ಕುಡಿಯುತ್ತಾರೆ, ತಮ್ಮ ತಪಾಸಣೆಗೆ ಮೊದಲ ಸಲ ಬಂದಾಗ ನನ್ನ ಆಡನಾವ, ಮನೆತನದ ಹೆಸರು, ಕೇಳಿದ್ದರು, ಹೇಳಿದ್ದೆ, ಆಮೇಲೆ ಈ ಲ್ಯಾಬಿನ ಲೋಟ ಮುಟ್ಟಿಲ್ಲ, ಸರ ಅನ್ನುವುದನ್ನು ಮಾತ್ರ ಬಿಟ್ಟಿಲ್ಲ. ಯಳವಿಯಲ್ಲಿ ದ್ರಾಕ್ಷಿ ತೋಟಕ್ಕೆ ಕೂಲಿ ಹೋಗುವ ಅಪ್ಪಾಸಾಬನ ಮಗ ಪಂಡಿತ ನಾನು, ಮನೆಯಲ್ಲಿ ಬುದ್ಧನ ಪಟ, ಬಿಎಸ್ಸಿ, ಲ್ಯಾಬ್ ಡಿಪ್ಲೊಮಾ — ಅವರ ಮಗ ಯಾರ ಜೊತೆ ಎಂದು ಗೊತ್ತಾದರೆ ಅವರಿಗೆ ಯಾವುದು ಮೊದಲು ಹೊಲಸು ಅನ್ನಿಸುತ್ತದೆ, ನಾನು ಗಂಡಸು ಎನ್ನುವುದೋ, ನನ್ನ ಆಡನಾವವೋ, ಇದನ್ನು ನಾನು ನಿಧಾನವಾಗಿ ಯೋಚಿಸಿದ್ದೇನೆ, ಉತ್ತರ ಬೇಕಿಲ್ಲ. ಫೋನಿನಲ್ಲಿ ಕೇಳಿದ್ದರು, ಸರ, ಗಂಡಸ್ತನದ ಹಾರ್ಮೋನು ಅಂತಾರಲ್ಲ, ಅದರ ತಪಾಸಣಿ ಮಾಡ್ತೀರೇನ್ರಿ, ಮಾಡ್ತೀವ್ರಿ, ಅಂದೆ, ಮುಂಜಾನಿ ಹತ್ತರೊಳಗ ಕರಕೊಂಡು ಬರ್ರಿ, ಅದು ಮುಂಜಾನಿ ಖರೇ ತೋರಸ್ತದ. ಯಾರಿಗೆ ಎಂದು ಕೇಳಲಿಲ್ಲ. ಬಾಗಿಲಲ್ಲಿ ಅವನನ್ನು ನೋಡಿದಾಗ ಕೈಗವಸು ಹಾಕಿಕೊಂಡೆ, ಒಂದೊಂದೇ ಬೆರಳು, ಹೊತ್ತು ಬೇಕಾಗಿತ್ತು. ಶ್ರೀಶೈಲಪ್ಪನೇ ಎಲ್ಲವನ್ನೂ ಹೇಳಿದ, ನಗುತ್ತ, ತೊಟ್ಟಿಲಾಗ ನನ್ನ ದೀಪಾಲೀನ ಇವಗ ಅಂತ ಹೇಳಿಟ್ಟೀವಿ, ಈಗ ಇವ ಅಂತಾನ, ನನಗ ಹೆಣ್ಣ ಬ್ಯಾಡ, ನಾ ಗಂಡಸರ ಕೂಡ ಇರಾಂವ, ಹಿಂಗ ಹುಟ್ಟೀನಿ, ಬಸವಣ್ಣನ ಗುಡಿ ಮುಂದ ಕುಂತು ಹೇಳತಾನ್ರಿ ಸರ, ಎಮ್ಮಿ ತಗೊಳ್ಳೂ ಮುಂದ ಹಲ್ಲು ನೋಡ್ತೀವಿಲ್ಲೋ, ಅಳಿಯನ ಕಾಗದ ನೋಡಿ ಮಗಳನ್ನ ಕೊಡ್ತೀನಿ. ಕಾಗದದಲ್ಲಿ ಕಡಿಮೆ ಬಂದರೆ ಹುಡುಗಿ ಇಲ್ಲ, ಸರಿ ಬಂದರೆ ಸೋಮವಾರ ಸಾಕರಪುಡಾ, ನಿಶ್ಚಿತಾರ್ಥ, ಆ ವಾರವೇ ಲಗ್ನ. ಯಾರು ಅಂತ ಬಾಯಿ ಬಿಡವಲ್ಲರಿ, ಅಂದರು ಅಣ್ಣಾರಾಯರು, ಎರಡ ದಿನ ಬಡದೀನಿ, ಹೆಸರು ಹೇಳವಲ್ಲ.

ಎಡತೋಳಿನಲ್ಲಿ ಬೆಲ್ಟಿನ ಗುರುತು ನೀಲಿಗಟ್ಟಿತ್ತು, ಅದಕ್ಕೇ ಬಲಗೈ ತೆಗೆದುಕೊಂಡೆ, ಪಟ್ಟಿ ಕಟ್ಟಿ, ಮುಷ್ಟಿ ಕಟ್ರಿ, ಅಂದೆ, ನರ ತಾನಾಗಿ ಎದ್ದು ಬಂತು, ಕಣ್ಣು ಮುಚ್ಚಿಕೊಂಡೂ ಹುಡುಕಬಲ್ಲೆ, ಡಿಪ್ಲೊಮಾ ಕಲಿಯುವಾಗ ನಾನು ಮೊಟ್ಟಮೊದಲು ಚುಚ್ಚಿದ ನರ ಅದು, ಕಾಲೇಜಿನ ಹಿಂದಿನ ಬೇವಿನ ಕಟ್ಟೆ, ಮೂರು ಸಲ ತಪ್ಪಿಸಿದ್ದೆ, ಕೈಯೆಲ್ಲ ಬೆವರು, ಅವನು ನಕ್ಕು ನಕ್ಕು, ಏ ಪಂಡಿತ, ಬೋರ್ ಹೊಡಿಯಾಕತ್ತೀಯೇನಲೇ, ಜತ್ತ ತಾಲೂಕಿನಾಗ ಅಷ್ಟ ಲಗೂನ ನೀರ ಬೀಳತಾವೇನು, ನಾಲ್ಕನೆಯದಕ್ಕೆ ರಕ್ತ ಬಂದಾಗ ನಾನು ಸಂಭ್ರಮದಲ್ಲಿ ಎಲ್ಲವನ್ನೂ ಮರೆತೆ, ಅವನು ಕೈ ಚಾಚಿಕೊಂಡು ಹಾಗೇ ಕೂತಿದ್ದ, ಮುಷ್ಟಿ ಬಿಡಲೋ ಬ್ಯಾಡೋ ಮಾರಾಯ, ನೀ ಹೇಳಿದ ಹೊರತು ನಾ ಬಿಡಾಂವಲ್ಲ. ಇವತ್ತು ಒಂದೇ ಸಲಕ್ಕೆ ಸಿಕ್ಕಿತು. ಅಣ್ಣಾರಾಯರಿಗೆ ರಕ್ತ ಕಂಡರೆ ತಲೆ ತಿರುಗುತ್ತದೆ, ಮುಖ ತಿರುಗಿಸಿ ಹೊರಗೆ ಹೋದರು, ಮಾವ ತಂಬಾಕು ಉಗುಳಲು ಮೆಟ್ಟಿಲಿಗೆ ಇಳಿದಿದ್ದ, ನಳಿಗೆ ತುಂಬುವಷ್ಟು ಹೊತ್ತು ನಾವಿಬ್ಬರೇ, ಅವನು ತುಟಿ ಅಲುಗಿಸದ ಹಾಗೆ ಹೇಳಿದ, ಕಮ್ಮಿ ಅಂತ ಬರಿ. ಮಾಮಾ ಹುಡುಗಿ ಕೊಡೂದಿಲ್ಲ, ಅಪ್ಪ ಮನಿ ಬಿಡಸ್ತಾನ, ಪುಣೆಕ್ಕ ಹೋಗಿಬಿಡ್ತೀನಿ. ನೀ ಬರೂದು ಬ್ಯಾಡ. ಒಂದ ಅಂಕಿ ಬರಿ ಪಂಡಿತ. ನಾನು ಸೂಜಿ ತೆಗೆದೆ, ಹತ್ತಿ ಇಟ್ಟೆ, ಕೈ ಮಡಚ್ರಿ, ಅಂದೆ.

ಯಂತ್ರ ನಿಂತಿತು. ಮೇಲೆ ಒಣಹುಲ್ಲಿನ ಬಣ್ಣದ ದ್ರವ, ಕೆಳಗೆ ಹೆಪ್ಪು, ಎದುರಿನ ನೀರು ನೀರಾಗಿಯೇ ಇದೆ. ಹನಿಯನ್ನು ಅಳೆದು ತಪಾಸಣೆಯ ಬಿಲ್ಲೆಗೆ ಬಿಟ್ಟು ಗಡಿಯಾರ ಒತ್ತಿದೆ, ಹದಿನೈದು ನಿಮಿಷ, ಏಳು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದಿದವನಲ್ಲ ನಾನು, ಸಕ್ಕರೆ ಕಡಿಮೆ ತೋರಿಸು ಎಂದು ಅತ್ತವರಿದ್ದಾರೆ, ತಿದ್ದಲಿಲ್ಲ, ಜತ್ತದಲ್ಲಿ ನನ್ನ ಹೆಸರೇ ಅದು, ಪಂಡಿತ ಸರ್ ಬರದಾರಂದ್ರ ಖರೇ. ತಿದ್ದಿದರೆ ಏನಾಗುತ್ತದೆ, ಮಾವ ಸುಮ್ಮನಿರುವವನಲ್ಲ, ಸಾಂಗಲಿಗೆ ಒಯ್ದು ಇನ್ನೊಮ್ಮೆ ಮಾಡಿಸುತ್ತಾನೆ, ಅಲ್ಲಿ ಸರಿ ಬರುತ್ತದೆ, ಜತ್ತದ ಲ್ಯಾಬಿನವ ಯಾಕೆ ಸುಳ್ಳು ಬರೆದ, ಯಾರವನು, ಇಬ್ಬರೂ ಒಂದೇ ಕಾಲೇಜಂತೆ — ಇಲ್ಲಿಗೆ ಬಂದು ನಿಲ್ಲುತ್ತದೆ, ಪ್ರತಿ ಸಲವೂ ಇಲ್ಲಿಗೇ. ನಮ್ಮಂಥವರ ಸಂಗ ಗುನ್ಹೆ ಅಲ್ಲ ಎಂದು ದಿಲ್ಲಿಯ ದೊಡ್ಡ ಕೋರ್ಟು ಹೇಳಿದ ದಿನ ಇದೇ ಮೇಜಿನ ಮೇಲೆ ಅವನು ಪೇಢೆಯ ಪೆಟ್ಟಿಗೆ ಇಟ್ಟು ಪೇಷಂಟುಗಳಿಗೆಲ್ಲ ಹಂಚಿದ್ದ, ಏನ್ ಸಿಹಿರಿ ಇದು ಎಂದವರಿಗೆ, ನಮ್ಮ ಎಮ್ಮಿ ಹೆಣ್ಣುಗರು ಹಾಕೇತ್ರಿ, ಅಂದಿದ್ದ, ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಎರಡು ತಿಂದಿದ್ದಳು, ನಾನು ನಗಲಿಲ್ಲ, ಬಾಗಿಲು ಮುಂದೆ ಮಾಡಿದೆ. ಐದು ವರ್ಷದ ಮೇಲೆ ಅದೇ ಕೋರ್ಟು, ನಿಮ್ಮ ಲಗ್ನಕ್ಕೆ ಮಾತ್ರ ಕಾಯ್ದೆ ಇಲ್ಲ, ಅಂದಾಗ ಅವನು ಫೋನು ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದ, ನಾನು ಬೆನ್ನು ಸವರಿದೆ, ಒಳಗೊಳಗೇ ನನಗೆ ನೆಮ್ಮದಿಯಾಗಿತ್ತು, ಇನ್ನು ಕೇಳುವುದಿಲ್ಲ ಇವನು, ಪುಣೆ, ಬಾಡಿಗೆ ಮನೆ, ಎರಡು ಹೆಸರಿನ ಕರಾರುಪತ್ರ, ಅಂದುಕೊಂಡು ಸವರಿದೆ. ಗಡಿಯಾರ ಕೂಗಿತು. ಆರುನೂರಾ ಹನ್ನೆರಡು. ಮುನ್ನೂರರಿಂದ ಸಾವಿರದೊಳಗಿದ್ದರೆ ಸರಿ. ಎಂಥ ಅಚ್ಚುಕಟ್ಟಾದ ಅಂಕಿ, ನನ್ನದನ್ನೂ ಒಮ್ಮೆ ನೋಡಿಕೊಂಡಿದ್ದೆ, ಐನೂರಾ ತೊಂಬತ್ತು, ಈ ಅಂಕಿಗೂ ಯಾರ ಮೇಲೆ ಮನಸ್ಸು ಹೋಗುತ್ತದೆ ಎನ್ನುವುದಕ್ಕೂ ಸಂಬಂಧವಿಲ್ಲ ಎಂದು ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವನು ಇನ್ನೊಬ್ಬನಿಲ್ಲ. ಮುದ್ರಿಸಿದೆ, ಸಹಿ ಹಾಕಿದೆ, ಕೊಟ್ಟೆ. ಅಣ್ಣಾರಾಯರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ನೀವು ಕಲಿತವರು, ಖರೇ ಹೇಳ್ರಿ, ಬ್ಯಾನಿ ಐತೇನ್ರಿ. ಬ್ಯಾನಿ ಅಲ್ಲರಿ ಇದು, ಬೆಲ್ಟಿಗೆ ಹೋಗೂದಲ್ಲ, ಲಗ್ನಕ್ಕ ಹೋಗೂದಲ್ಲ, ಆ ಹುಡುಗೀನೂ ಕೊಲ್ಲಬ್ಯಾಡ್ರಿ — ಪೂರ್ತಿ ವಾಕ್ಯ ನಾಲಿಗೆಯ ಮೇಲೆ ಬಂದು ಕೂತಿತ್ತು, ನಾರ್ಮಲ್ ಅದರಿ, ಅಂದೆ. ಶ್ರೀಶೈಲಪ್ಪ ಚಪ್ಪಾಳೆ ತಟ್ಟಿದ, ನೋಡ ಭಾವಾ, ನಾ ಹೇಳಿಲ್ಲಾ, ಮಾಲು ಚಲೋ ಐತಿ, ಸೊಕ್ಕ ಜಾಸ್ತಿ, ದೀಪಾಲಿ ಇಳಸ್ತಾಳ ತಗೋ, ಅವನ ಬೆನ್ನಿಗೆ ಗುದ್ದಿದ, ಬೆಲ್ಟು ಬಿದ್ದ ಜಾಗಕ್ಕೇ ಇರಬೇಕು, ಅವನ ಉಸಿರು ಸಿಕ್ಕಿಕೊಂಡಿತು. ನೀವೂ ಲಗ್ನಕ್ಕ ಬರಬೇಕ್ರಿ ಸರ. ಬರ್ತೀನ್ರಿ, ಅಂದೆ. ಅಂದೆನಲ್ಲ. ಅವನು ನನ್ನನ್ನು ನೋಡಲಿಲ್ಲ, ಕಾಗದವನ್ನೂ ನೋಡಲಿಲ್ಲ, ಹತ್ತಿ ಎಸೆಯುವ ಬುಟ್ಟಿ ಎಲ್ಲಿ ಎಂದೂ ಕೇಳದೆ ಎದ್ದ, ಕಿಟಕಿಯಿಂದ ಕಾಣುತ್ತಿದ್ದಾರೆ, ಬೈಕಿನ ಮೇಲೆ ಮಾವ ಮುಂದೆ, ಅಪ್ಪ ಹಿಂದೆ, ಅವನು ನಡುವೆ, ಬಲಗೈ ಇನ್ನೂ ಮಡಚಿದೆ, ಮೊಣಕೈಯಲ್ಲಿ ಹತ್ತಿ, ಮುಷ್ಟಿ ಇನ್ನೂ ಬಿಟ್ಟಿಲ್ಲ — ಸೂಜಿ ಒಳಗೆ ಹೋದ ಕೂಡಲೇ ಹೇಳಬೇಕಾದ ಮಾತು, ಬಹಳ ಹೊತ್ತು ಹಿಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ದಿನಕ್ಕೆ ನಲವತ್ತು ಜನರಿಗೆ ಹೇಳುತ್ತೇನೆ, ಮುಷ್ಟಿ ಬಿಡ್ರಿ, ಏಳು ವರ್ಷದಲ್ಲಿ ಒಬ್ಬರಿಗೂ ತಪ್ಪಿಸಿಲ್ಲ, ಇವನಿಗೆ ಹೇಳಲಿಲ್ಲ, ಬಿಡ್ರಿ ಅನ್ನಲಿಲ್ಲ, ಬಿಡು ಅನ್ನಲಿಲ್ಲ, ಬೈಕು ಸ್ಟ್ಯಾಂಡಿನ ತಿರುವಿಗೆ ಹೋಯಿತು, ನೀ ಹೇಳಿದ ಹೊರತು, ಎದೆಯ ಹತ್ತಿರ ಬೆರಳು ಬಿಳಿಚಿಕೊಂಡ ಆ ಮುಷ್ಟಿ, ಸಂಖದ ರಸ್ತೆ, ಆ ಮುಷ್ಟಿ