ಒಂದರಲ್ಲಿ ಗೆರೆ, ಒಂದರಲ್ಲಿ ಚೌಕಳಿ

ಪ್ಲಾಸ್ಟಿಕ್ ಪಟ್ಟಿಗಳ ಪರದೆ ಬೆನ್ನಿಗೆ ಒಮ್ಮೆ ಒರಸಿ ಹಿಂದೆ ಸರಿಯಿತು, ಹಸುವಿನ ನಾಲಿಗೆಯ ಹಾಗೆ, ತಣ್ಣಗಿನ ಒರಟು ನಾಲಿಗೆ, ಆಮೇಲೆ ಬಾಗಿಲು ಧಪ್ಪೆಂದು ಮುಚ್ಚಿದ ಸದ್ದು, ಆಮೇಲೆ ತನ್ನದೇ ಉಸಿರು ಮುಖದ ಮುಂದೆ ಬೆಳ್ಳಗೆ ನಿಂತದ್ದು — ಜಯಶೀಲ ಮೊದಲು ನೋಡಿದ್ದು ನೆಲವನ್ನು. ಎಲ್ಲಿ ಹೋದರೂ ಅವಳು ಮೊದಲು ನೋಡುವುದು ನೆಲವನ್ನೇ, ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಡುವಾಗ ಟೀಚರು ಏನೋ ಹೇಳುತ್ತಿದ್ದರು, ಅವಳಿಗೆ ನೆನಪಿರುವುದು ಟೀಚರ ಚಪ್ಪಲಿಯ ಹರಿದ ಬಾರು ಮಾತ್ರ. ತಲೆ ಎತ್ತೇ ಮಾರಾಯ್ತಿ, ಮುಖ ತೋರಿಸಿದ್ರೆ ಯಾರೂ ಕಿತ್ಕೊಂಡು ಹೋಗುದಿಲ್ಲ, ಬಾಗಿ ಅಕ್ಕ ದಿನಾ ಹೇಳುತ್ತಾಳೆ, ಈ ಕೋಲ್ಡ್ ಸ್ಟೋರೇಜಿಗೆ ಅವಳನ್ನು ಕೈಹಿಡಿದು ಕರೆತಂದವಳು ಬಾಗಿ ಅಕ್ಕನೇ, ಆದರೆ ಅವಳಿಗೇನು ಗೊತ್ತು, ನೆಲ ನೋಡುವವರಿಗೆ ಎಷ್ಟೆಲ್ಲ ಕಾಣುತ್ತದೆ ಎಂದು. ಇವತ್ತು ನೆಲ ಬೆಳ್ಳಗಿದೆ. ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತು, ಫ್ಯಾನುಗಳು ಮತ್ತೆ ತಿರುಗಿದಾಗ ಹಿಂದೆ ಕಟ್ಟಿದ್ದ ಹಿಮವೆಲ್ಲ ಪುಡಿಯಾಗಿ ಉದುರಿ, ಬಾಗಿಲಿನಿಂದ ಹಿಂಗೋಡೆಯ ತನಕ ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ, ಯಾರೂ ತುಳಿಯದ ಹಿಟ್ಟು. ಹೊರಗೆ ತುರ್ಭೆಯಲ್ಲಿ ಮೇ ತಿಂಗಳು, ರಸ್ತೆಯ ಡಾಂಬರು ಅಟ್ಟೆಗೆ ಅಂಟುತ್ತದೆ, ಇಲ್ಲಿ ಸೊನ್ನೆಗಿಂತ ಹದಿನೆಂಟು ಕೆಳಗೆ. ಹನ್ನೆರಡು ಸಾಲು ಎಣಿಸಬೇಕು, ನಲವತ್ತು ನಿಮಿಷವಾದರೂ ಒಳಗೆ ನಿಲ್ಲಬೇಕು. ಅವಳು ಬಲಗಾಲು ಮುಂದಿಟ್ಟಳು, ಎತ್ತಿ ನೋಡಿದಳು, ಹಿಟ್ಟಿನಲ್ಲಿ ಚೌಕಳಿ ಮೂಡಿತ್ತು, ಎಡಗಾಲು ಇಟ್ಟಳು, ಗೆರೆ. ಸರಿ. ನಡೆ.

ಒಂದನೇ ಸಾಲು ಬಟಾಣಿ, ಅರವತ್ತು ಪೆಟ್ಟಿಗೆ, ಬರೆದಾಯಿತು, ಕೈಗವಸಿನೊಳಗೆ ಪೆನ್ಸಿಲು ಹಿಡಿಯುವುದೇ ಒಂದು ಸರ್ಕಸ್ಸು, ಪೆನ್ನು ಇಲ್ಲಿ ಬರೆಯುವುದಿಲ್ಲ, ಶಾಯಿ ಗಟ್ಟಿಯಾಗುತ್ತದೆ, ಹಿಂದಿನ ಸಲ ಅದೂ ಗೊತ್ತಿರಲಿಲ್ಲ — ಹಿಂದಿನ ಸಲ, ಫೆಬ್ರವರಿಯಲ್ಲಿ, ಕಂಪನಿಯ ಗಮ್ ಬೂಟು, ಗಂಡಸರ ಎಂಟು ನಂಬರು, ಅವಳದ್ದು ಮೂರು, ಒಳಗೆ ಮೂರು ಜೊತೆ ಸಾಕ್ಸು ತುರುಕಿಕೊಂಡು ಹೋಗಿದ್ದಳು, ಅದರ ಅಗಲ ಬಾಯಿಯೊಳಗೆ ಚಳಿ ಬಾವಿಗೆ ಕೊಡ ಇಳಿದ ಹಾಗೆ ಇಳಿಯಿತು, ರಬ್ಬರು ಕಲ್ಲಾಯಿತು, ಆರನೇ ಸಾಲಿಗೆ ಬರುವಾಗ ಕಾಲು ತನ್ನದೋ ಬೇರೆಯವರದ್ದೋ ತಿಳಿಯದೆ ಜಾರಿ ಬಿದ್ದಳು, ಹಮಾಲರು ಎತ್ತಿಕೊಂಡು ಬಂದರು, ನಕ್ಕರು. ಸೂಪರ್‌ವೈಸರ್ ಸರ್ವೋತ್ತಮಣ್ಣ ನಗಲಿಲ್ಲ, ಅದಕ್ಕಿಂತ ಕೆಟ್ಟದಾಗಿ ಮೆಲ್ಲಗೆ ಹೇಳಿದರು, ಚೇಂಬರು ಹೆಣ್ಣುಮಕ್ಕಳ ಕಾಲಿಗೆ ಹೇಳಿದ್ದಲ್ಲ ಮಗಾ, ಹೋಗು, ಟೇಬಲಲ್ಲಿ ಬಟಾಣಿ ಆರಿಸು. ಆದರೆ ಬರುವ ಒಂದನೇ ತಾರೀಕಿನಿಂದ ಆ ಟೇಬಲೇ ಇಲ್ಲ. ಮಷೀನು ಬರುತ್ತದೆ, ಹನ್ನೊಂದು ಹೆಂಗಸರಿಗೂ ರಜೆ, ತಿರುಗಿ ಕರೆಯದ ರಜೆ, ಖಾಲಿ ಇರುವುದು ಒಂದೇ ಜಾಗ, ಚೇಂಬರಿನ ಚೆಕರ್, ಒಳಗೆ ನಿಂತು ಪೆಟ್ಟಿಗೆ ಎಣಿಸಿ ಬರೆಯುವವರು, ಇಷ್ಟು ವರ್ಷ ಗಂಡಸರೇ. ಅವಳು ಬಾಯಿ ಬಿಡದೆ ಮೂರು ಸಲ ತಪ್ಪು ಚೀಟಿ ಅಂಟಿಸಿದ ಪೆಟ್ಟಿಗೆಗಳನ್ನು ಪಕ್ಕಕ್ಕೆ ಎತ್ತಿಟ್ಟದ್ದು ಸರ್ವೋತ್ತಮಣ್ಣನಿಗೂ ಗೊತ್ತು, ಅದಕ್ಕೇ ಇರಬೇಕು, ಅವಳು ಬಿದ್ದು ಎರಡು ದಿನ ಬಿಟ್ಟು ಅವಳ ಕಡೆ ನೋಡದೆ ಅಂದರು, ಬೂಟು ನೀನೇ ತರುದಾದ್ರೆ ತಾ, ಇನ್ನೊಂದು ಸಲ ನೋಡುವ, ಮೂರನೇ ಸಲ ಇಲ್ಲ. ಎರಡನೇ ಸಾಲು ಜೋಳ, ಐವತ್ತೆಂಟು. ಮೂರನೆಯದು, ಜೋಳವೇ.

ಬೂಟು ತಾ ಎಂದು ಹೇಳಲಿಕ್ಕೆ ಸುಲಭ. ಥಾಣೆ, ಕಲ್ಯಾಣ, ಡೊಂಬಿವಲಿ, ಇಷ್ಟು ಊರಿನಲ್ಲಿ ಚಳಿಯೇ ಇಲ್ಲದಿದ್ದರೆ ಚಳಿಯ ಬೂಟು ಎಲ್ಲಿಂದ ಬರಬೇಕು, ಅವಳಿಗೆ ಬೇಕಿದ್ದದ್ದು ಏನು ಎನ್ನುವುದು ಅವಳಿಗೆ ಸರಿಯಾಗಿ ಗೊತ್ತಿತ್ತು, ಬಾಯಲ್ಲಿ ಬರುತ್ತಿರಲಿಲ್ಲ ಅಷ್ಟೇ — ಕಾಲಗಂಟು ಮುಚ್ಚಬೇಕು, ಅದಕ್ಕಿಂತ ಮೇಲೆ ಬರಬಾರದು, ಕಂಪನಿಯ ನೀಲಿ ಪ್ಯಾಂಟು ಅದರ ಮೇಲೆ ನೆಟ್ಟಗೆ ಇಳಿಯಬೇಕು, ಮಧ್ಯೆ ಎರಡು ಬೆರಳು ಬರಿ ಚರ್ಮ ಉಳಿದರೂ ಚಳಿ ಅಲ್ಲೇ ಹಲ್ಲು ಊರುತ್ತದೆ, ಹಿಮ್ಮಡಿ ತಗ್ಗಾಗಿರಬೇಕು, ಅಟ್ಟೆ ದಪ್ಪ ಇರಬೇಕು, ಅದನ್ನೇ ಹಾಕಿಕೊಂಡು ಲೋಕಲ್ ರೈಲನ್ನೂ ಹತ್ತಬೇಕು, ಹೆಂಗಸರಿಗೆ ಇಲ್ಲಿ ಬೂಟು ಇಡುವ ಕಪಾಟಿಲ್ಲ. ಥಾಣೆಯ ನೌಪಾಡಾದ ಅಂಗಡಿಯವನು ಮೊಳೆಯಂಥ ಹಿಮ್ಮಡಿಯದ್ದನ್ನು ತೆಗೆದು ತೋರಿಸಿ, ಕಹಾಂ ದೀದೀ, ಮನಾಲಿ? ಹನಿಮೂನ್? ಅವನ ಪಕ್ಕದವನು ಹಲ್ಲು ಬಿಟ್ಟ, ಅವಳು ಮೆಟ್ಟಿಲು ಇಳಿದದ್ದೇ ನೆನಪಿಲ್ಲ, ಎದುರಿನ ಹೋಟೆಲಿನ ಹಿಂಬಾಗಿಲಲ್ಲಿ ಹೋಗಿ ನಿಂತಳು, ಅಲ್ಲಿ ಅವಳ ಅಪ್ಪ, ದೋಸೆ ಹೊಯ್ಯುವ ಬೂಬ, ಕಾವಲಿಯ ಮುಂದೆ, ಬರಿಗಾಲು, ಕಾಲಡಿಗೆ ನಾಲ್ಕು ಮಡಿಕೆ ಗೋಣಿ, ಇಪ್ಪತ್ತಾರು ವರ್ಷದಿಂದ ಅದೇ ಬೆಂಕಿ ಅದೇ ಗೋಣಿ, ಎಂತ ಮಗಾ, ದೋಸೆ ತಿಂತೀಯಾ? ಕಲ್ಯಾಣದ ಅಂಗಡಿಯಲ್ಲಿ ಹುಡುಗರ ಶಾಲೆಯ ಶೂ, ಇಲ್ಲವೇ ಪೊಲೀಸರದ್ದರಂಥ ಬೂಟು, ಎತ್ತಿದರೆ ಒಳಕಲ್ಲು. ನಾಲ್ಕನೇ ಸಾಲು. ಐದು. ಆರು — ಆರನೇ ಸಾಲು, ಇಲ್ಲೇ ಬಿದ್ದದ್ದು, ಈ ಕಂಬದ ಹತ್ತಿರ, ಅವಳು ನಿಂತು ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿದಳು, ಹತ್ತೂ ಇವೆ, ಹತ್ತೂ ಬೆಚ್ಚಗೆ, ಕೋಳಿಯ ಹೊಟ್ಟೆಯಡಿಯ ಮರಿಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು, ಅವಳಿಗೆ ಒಬ್ಬಳೇ ನಗು ಬಂತು, ನಗುವಿನ ಹೊಗೆ ಪೆಟ್ಟಿಗೆಯ ಬಟಾಣಿಯ ಚಿತ್ರದ ಮೇಲೆ ಹೋಗಿ ಕೂತಿತು.

ಏಳು. ಏಳನೆಯದು ಎಣಿಸುವಾಗ ಆ ಹೆಂಗಸಿನ ನೆನಪು, ಹೆಸರು ಗೊತ್ತಿಲ್ಲ, ಮುಖವೂ ಅಷ್ಟಕ್ಕಷ್ಟೇ, ಥಾಣೆಯಲ್ಲಿ ಗಾಡಿ ಬದಲಿಸಿದ ಮೇಲೆ ಲೇಡೀಸ್ ಡಬ್ಬಿಯ ಬಾಗಿಲ ಹತ್ತಿರ ನಿಂತು ಐರೋಲಿಯಲ್ಲಿ ಇಳಿಯುವವಳು, ಕೊರಳಲ್ಲಿ ಆಫೀಸಿನ ಗುರುತುಚೀಟಿಯ ಪಟ್ಟಿ, ಕಾಲಲ್ಲಿ — ಕಂದು ಬಣ್ಣ, ಕಾಲಗಂಟಿನ ಮೇಲೆ ಎರಡು ಬೆರಳು, ಎರಡೂ ಬದಿಗೆ ಎಲಾಸ್ಟಿಕ್ಕು, ಪ್ಯಾಂಟು ಅದರ ಮೇಲೆ ನೀರು ಇಳಿದ ಹಾಗೆ ಇಳಿದಿತ್ತು. ಮೂರು ವಾರ ಅವಳು ಆ ಕಾಲುಗಳನ್ನೇ ನೋಡಿದಳು, ಕೇಳಬೇಕು ಕೇಳಬೇಕು ಎನ್ನುವಷ್ಟರಲ್ಲಿ ಐರೋಲಿ ಬರುತ್ತದೆ, ಕಾಲುಗಳು ಇಳಿದು ಹೋಗುತ್ತವೆ, ನಾಳೆ, ನಾಳೆ ಖಂಡಿತ, ಎಪ್ರಿಲ್ ಮುಗಿಯಿತು. ಒಂದು ದಿನ ಗರ್ದಿಯಲ್ಲಿ ಆ ಬೂಟು ಅವಳ ಪಕ್ಕಕ್ಕೇ ಬಂದು ನಿಂತಿತು, ಅವಳು ಯೋಚಿಸಲೇ ಇಲ್ಲ, ಬಗ್ಗಿದಳು, ಒಂದು ಬೆರಳಿನಿಂದ ಎಲಾಸ್ಟಿಕ್ಕನ್ನು ಒತ್ತಿ ನೋಡಿದಳು, ಎಷ್ಟು ಬಿಗಿ ಎಂದು. ಅರೆ ಅರೆ, ಪಾಂವ್ ಕ್ಯೂಂ ಛೂ ರಹೀ ಹೋ! ಆ ಹೆಂಗಸು ಹಾರಿ ಹಿಂದೆ ಸರಿದಳು, ಕಾಲಿಗೆ ನಮಸ್ಕಾರ ಮಾಡಿದಳೆಂದೇ ತಿಳಿದಳು, ಡಬ್ಬಿಯೆಲ್ಲ ತಿರುಗಿ ನೋಡಿತು, ಕೊತ್ತಂಬರಿ ಬುಟ್ಟಿಯ ಮುದುಕಿ ಬೊಚ್ಚು ಬಾಯಿ ತೆರೆದು, ಆಶೀರ್ವಾದ್ ದೇ ದೋ ಮ್ಯಾಡಮ್, ಅಗಲೇ ಸಾಲ್ ಲಡಕಾ ಹೋಗಾ, ಬರುವ ವರ್ಷ ಗಂಡುಮಗುವಂತೆ, ಎಲ್ಲರೂ ನಕ್ಕರು, ಕಿವಿ ಕಾವಲಿಯ ಹಾಗೆ ಕಾದಿತು, ಏಳಲಿಕ್ಕೆ ಧೈರ್ಯ ಬರಲಿಲ್ಲ, ಹಾಗೇ ಬಗ್ಗಿಕೊಂಡಿದ್ದಳು, ಮುಖ ಕಾಣದೆ ಬೂಟು ಮಾತ್ರ ಕಾಣುತ್ತಿದ್ದುದರಿಂದಲೇ ಇರಬೇಕು, ಗಂಟಲು ಬಿಚ್ಚಿತು, ಯೇ — ಕಹಾಂ ಮಿಲಾ? ಎಲ್ಲಿ ಸಿಕ್ಕಿತು ಎಂದು ಬೂಟಿನ ಹತ್ತಿರವೇ ಕೇಳಿದ ಹಾಗಿತ್ತು. ಓಹ್, ಯೇ? ಉಲ್ಹಾಸನಗರ, ವಿದೇಶಕ್ಕೆ ಕಳಿಸುವ ಬೂಟಿನ ಕಾರ್ಖಾನೆಯಂತೆ, ಅಲ್ಲಿ ತೆಗೆದುಹಾಕಿದ ಮಾಲು ಹಿಂದಿನ ಗಲ್ಲಿಯಲ್ಲಿ ಮಾರುತ್ತಾರಂತೆ, ಲೇಕಿನ್ ಜೋಡೀ ಖುದ್ ಢೂಂಢನೀ ಪಡತೀ ಹೈ, ಜೋಡಿ ನಾವೇ ಹುಡುಕಬೇಕು. ಇಳಿಯುವಾಗ ಆ ಹೆಂಗಸು ಅವಳ ಹೆಗಲು ತಟ್ಟಿದಳು, ಜೀತೀ ರಹೋ, ಚೆನ್ನಾಗಿ ಬಾಳು ಎಂದು ಹರಸಿಯೇಬಿಟ್ಟಳು, ಮುದುಕಿ ಮತ್ತೆ ನಕ್ಕಳು, ಈ ಸಲ ಜಯಶೀಲಳೂ ಸ್ವಲ್ಪ ನಕ್ಕಳು. ಎಂಟನೇ ಸಾಲು, ಹೂಕೋಸು, ಐವತ್ತು. ಒಂಬತ್ತು.

ಉಲ್ಹಾಸನಗರದ ಆ ಗಲ್ಲಿಯಲ್ಲಿ ಗುಡ್ಡೆ ಎಂದರೆ ಅದು ಗುಡ್ಡೆ, ಎಡಗಾಲಿನವು ಒಂದು ಕಡೆ, ಬಲಗಾಲಿನವು ಒಂದು ಕಡೆ, ಚರ್ಮದ, ಅಂಟಿನ, ಹೊಸತಿನ ವಾಸನೆ, ಮಾಲೀಕ ಪೇಪರಿನ ಹಿಂದಿನಿಂದ ತಲೆ ಎತ್ತದೆ, ಢೂಂಢ್ ಬೇಟಾ ಢೂಂಢ್, ಢೂಂಢನೇ ಸೇ ಭಗವಾನ್ ಭೀ ಮಿಲತಾ ಹೈ, ಹುಡುಕಿದರೆ ದೇವರೂ ಸಿಗುತ್ತಾನಂತೆ. ಬೆಳಿಗ್ಗೆ ಹತ್ತರಿಂದ ಹುಡುಕಿದಳು, ಅದು ಅವಳ ಕೆಲಸವೇ ಅಲ್ಲವೇ, ಬಟಾಣಿಯಲ್ಲಿ ಹುಳುಕು ಆರಿಸಿದವಳು, ಎಡಗಾಲಿನದು ಹನ್ನೊಂದಕ್ಕೆ ಸಿಕ್ಕಿತು, ಕಾಲು ಹಾಕಿದ ಕೂಡಲೇ ತಿಳಿಯಿತು, ಇದು, ಬಲಗಾಲಿನದು ಸಿಗಲೇ ಇಲ್ಲ, ಒಂದು ಗಂಟೆಗೆ ಸಿಕ್ಕಿದ್ದು ಬೇರೆ ಬ್ಯಾಚಿನದು, ಅದೇ ಕಂದು, ಅದೇ ಎತ್ತರ, ಅದೇ ಎಲಾಸ್ಟಿಕ್ಕು, ಅಟ್ಟೆ ಮಾತ್ರ ಬೇರೆ, ಎಡದ್ದರಲ್ಲಿ ಉದ್ದ ಗೆರೆ, ಬಲದ್ದರಲ್ಲಿ ಚೌಕಳಿ. ಮಾಲೀಕ ಪೇಪರು ಇಳಿಸಿದ, ಯೇ ತೋ ಬೇಜೋಡ್ ಹೈ, ಇದು ಜೋಡಿಯೇ ಅಲ್ಲ ಹುಡುಗೀ. ಅವಳು ಗಲ್ಲಿಯ ತುದಿಯ ತನಕ ನಡೆದು ಹೋಗಿ ನಡೆದು ಬಂದಳು, ಹೋಗುವಾಗ ಎರಡು ಕಾಲು ಎರಡು ಮಾತಾಡುತ್ತಿದ್ದವು, ಬರುವಾಗ ಒಂದೇ. ಚಲೇಗಾ, ನಡೆಯುತ್ತದೆ, ಎಂದಳು, ಗಟ್ಟಿಯಾಗಿ, ಅಷ್ಟು ಗಟ್ಟಿಯಾಗಿ ತಾನು ಯಾವಾಗ ಮಾತಾಡಿದ್ದೆ ಎಂದು ಅವಳಿಗೇ ಆಶ್ಚರ್ಯ. ಮನೆಯಲ್ಲಿ ಅಮ್ಮ ಶ್ರೀಮತಿ ಹೊಸ್ತಿಲಲ್ಲೇ ತಡೆದಳು, ಶನಿವಾರ ಯಾರಾದ್ರೂ ಕಾಲಿಗೆ ಹಾಕುದು ತರ್ತಾರಾ, ಅದೂ ಒಂದಕ್ಕೊಂದು ಸೇರದ್ದು, ತಲೆ ಸರಿ ಉಂಟಾ ನಿಂಗೆ? ಅಪ್ಪ ಬೂಟಿನೊಳಗೆ ಕೈ ಹಾಕಿ ತಡವಿದ, ಹೋಟೆಲಿನಿಂದ ತಂದಿದ್ದ ಒಳ್ಳೆಯ ಗೋಣಿಯನ್ನು ಎರಡು ಮಡಿಕೆ ಮಾಡಿ ಅವಳ ಪಾದ ಇರಿಸಿ ಸುತ್ತ ಇದ್ದಿಲಿನಲ್ಲಿ ಗೀಟು ಎಳೆದ, ಕತ್ತರಿಸಿದ, ಮೇಲೆ ಹಳೆಯ ಕಂಬಳಿಯ ತುಂಡು ಹೊಲಿದ. ಬೂಟು ಕಾಲನ್ನು ಹಿಡೀಬಾರ್ದು ಮಗಾ, ಬಿಟ್ಟೂ ಬಿಡಬಾರ್ದು, ಒಂದು ಬೆರಳಿನ ಜಾಗ ಇರ್ಲಿ, ಬಿಸಿ ಅಲ್ಲಿ ಬಂದು ಕೂತ್ಕೊಳ್ತದೆ, ಸಾಕ್ಸು ಮೂರು ಬೇಡ, ಒಂದೇ ಸಾಕು. ಬೆಂಕಿಯ ಮುಂದೆ ನಿಂತವನಿಗೆ ಚಳಿಯ ಗುಟ್ಟು ಹೇಗೆ ಗೊತ್ತು? ನಿಲ್ಲುದು ನಿಲ್ಲುದೇ ಮಗಾ, ಬಿಸಿಯಾದ್ರೆ ಎಂತ ತಂಪಾದ್ರೆ ಎಂತ. ಹತ್ತು ದಿನ ಅದನ್ನೇ ಹಾಕಿಕೊಂಡು ಓಡಾಡಿದಳು, ಕಾಲಿಗೆ ಒಗ್ಗಲಿ ಎಂದು, ಮೇ ತಿಂಗಳ ಡೊಂಬಿವಲಿ ಸ್ಟೇಶನ್ನಿನಲ್ಲಿ ಬೆವರು ಸುರಿಸುತ್ತ, ಪಕ್ಕದ ಮನೆಯ ಅಮಿತಾ, ಎಲ್ಲಿಗೆ ಸವಾರಿ, ಕಾಶ್ಮೀರಕ್ಕಾ? ತುರ್ಭೆಗೆ, ಎಂದಳು. ತುರ್ಭೆಗೇ. ಹತ್ತು. ಹನ್ನೊಂದು. ಹನ್ನೆರಡು, ಹಿಂಗೋಡೆಗೆ ತಾಗಿದ ಸಾಲು, ಇಲ್ಲಿ ಫ್ಯಾನು ನೇರ ಮುಖಕ್ಕೆ ಬೀಸುತ್ತದೆ, ಇಲ್ಲಿಗೆ ಬರಲು ಗಂಡಸರಿಗೂ ಬೇಸರ, ರೆಪ್ಪೆ ಅಂಟುತ್ತದೆ, ಅವಳು ಒಂದು ಸಲ ಎಣಿಸಿದಳು, ಸುತ್ತಿ ಹಿಂದೆ ಹೋಗಿ ಎರಡನೇ ಸಲ ಎಣಿಸಿದಳು, ಮೂವತ್ತೊಂಬತ್ತು. ಬರೆದಳು. ಕಾಲು ಬೆಚ್ಚಗೆ.

ಹೊರಗೆ ಬೆಳಕು ಹಳದಿ, ಸರ್ವೋತ್ತಮಣ್ಣನ ಕೈಯಲ್ಲಿ ವಾಚು, ನಲವತ್ಮೂರು ನಿಮಿಷ ಮಾರಾಯ್ತಿ, ಅಂದರು, ಬಾಗಿ ಅಕ್ಕ ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು, ಸರ್ವೋತ್ತಮಣ್ಣ ಅವಳು ಬರೆದ ಕಾಗದ ಓದುತ್ತಿದ್ದರು, ಹುಬ್ಬು ಗಂಟಾಗಿತ್ತು. ಹನ್ನೆರಡನೇದು ಮೂವತ್ತೊಂಬತ್ತಾ? ರಿಜಿಸ್ಟರಲ್ಲಿ ನಲವತ್ತೊಂದು ಉಂಟು. ನೀನು ಅಲ್ಲಿ ತನಕ ಹೋಗ್ಲೇ ಇಲ್ಲ, ಅಲ್ವಾ, ಚಳಿ ಹಿಡೀತು, ದೂರದಿಂದ ನೋಡಿ ಅಂದಾಜಿ ಬರ್ದೆ, ನಿಜ ಹೇಳು. ಒಬ್ಬ ಹಮಾಲ ಗೋಡೆಯ ಕಡೆ ತಿರುಗಿ ಕೆಮ್ಮಿದ, ಕೆಮ್ಮಲ್ಲ ಅದು, ನಗು. ಹೋದೆ ಎನ್ನಬೇಕು, ಎರಡು ಸಲ ಎಣಿಸಿದೆ ಎನ್ನಬೇಕು, ಮಾತು ಒಳಗೆ ಪೆನ್ನಿನ ಶಾಯಿಯ ಹಾಗೆ ಗಟ್ಟಿಯಾಗಿ ನಿಂತಿತು, ಕಣ್ಣು ನೆಲಕ್ಕೆ ಹೋಯಿತು, ಅಭ್ಯಾಸ, ನೆಲದಲ್ಲಿ ಅವಳ ಬೂಟಿನಿಂದ ಕರಗಿ ಇಳಿದ ನೀರು, ಅಷ್ಟಗಲ ಚೌಕಳಿ — ಅವಳು ತಿರುಗಿದಳು, ಎರಡೂ ಕೈಯಿಂದ ಬಾಗಿಲು ಎಳೆದಳು, ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ ಹಿಡಿದಳು, ಒಂದು ಬೆರಳು ಚಾಚಿದಳು, ಅಷ್ಟೇ. ಸರ್ವೋತ್ತಮಣ್ಣ ಬಗ್ಗಿ ನೋಡಿದರು. ಹಮಾಲರು ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು, ಅವಳೊಬ್ಬಳೇ ತಲೆ ಎತ್ತಿ ಅವರೆಲ್ಲರ ಮುಖ ನೋಡುತ್ತಿದ್ದಳು, ಸರ್ವೋತ್ತಮಣ್ಣನ ಗಲ್ಲದಲ್ಲಿ ಒಂದು ಮಚ್ಚೆ ಇದೆ, ಮೂರು ವರ್ಷದಲ್ಲಿ ಅವಳು ಕಂಡೇ ಇರಲಿಲ್ಲ. ಅವರು ಒಳಗೆ ಹೋದರು, ಹಿಂಗೋಡೆಯ ತನಕ, ಅವಳ ಹೆಜ್ಜೆಯನ್ನು ಮೆಟ್ಟದೆ ಪಕ್ಕದಲ್ಲೇ, ಎಣಿಸಿ ಬಂದರು, ಮೀಸೆಯ ಮೇಲೆ ಹಿಮ. ಮೂವತ್ತೊಂಬತ್ತೇ, ರಿಜಿಸ್ಟರೇ ತಪ್ಪು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಒಂದನೇ ತಾರೀಕಿನಿಂದ ಚೆಕರ್ ಇವಳು, ಬೆಳಿಗ್ಗೆ ಎಂಟಕ್ಕೆ, ತಡ ಮಾಡ್ಬೇಡ. ಬಾಗಿ ಅಕ್ಕ ಬಂದು ಅವಳ ಕೆನ್ನೆ ಹಿಂಡಿದಳು, ಒಂದನೇ ತಾರೀಕಿಗೆ ತನಗೆ ಇಲ್ಲಿ ಜಾಗವಿಲ್ಲದ ಬಾಗಿ ಅಕ್ಕ, ನೀಲಿ ಹವಾಯಿ ಚಪ್ಪಲಿಯ ಬಾಗಿ ಅಕ್ಕ, ಇದೆಂತದೇ, ನಿನ್ನ ಎರಡು ಕಾಲು ಎರಡು ಊರಿಂದ ಬಂದ ಹಾಗೆ ಉಂಟಲ್ಲ, ಎಂದು ನಕ್ಕಳು, ನಕ್ಕದ್ದು ಹೌದು, ಕಣ್ಣಲ್ಲಿ ನೀರೂ ಇತ್ತು, ಈ ಸಲ ಅವಳು ಆ ಕಣ್ಣನ್ನು ನೋಡಿದಳು, ತಪ್ಪಿಸಲಿಲ್ಲ, ಅಕ್ಕಾ ಎಂದಳು. ಪಟ್ಟಿಗಳು ಇನ್ನೂ ಅವಳ ಕೈಯಲ್ಲೇ ಇದ್ದವು, ಬಾಗಿಲು ಹಾಕೇ ಹುಡುಗೀ, ಬಟಾಣಿ ಕರಗ್ತದೆ, ಯಾರೋ ಕೂಗಿದರು, ಹಾಕುತ್ತೇನೆ, ಒಂದು ನಿಮಿಷ, ಹೊಗೆ ಸರಿಯಿತು, ಬೆಳ್ಳನೆಯ ಹಿಟ್ಟಿನ ಮೇಲೆ, ಬಾಗಿಲಿನಿಂದ ಹಿಂಗೋಡೆಯ ತನಕ, ಹೋದದ್ದೂ ಬಂದದ್ದೂ, ದೊಡ್ಡ ಗಮ್ ಬೂಟಿನ ಗುರುತಿನ ಪಕ್ಕದಲ್ಲಿ ಚಿಕ್ಕದಾಗಿ, ಊರಲ್ಲಿ ಇನ್ಯಾರದ್ದೂ ಅಲ್ಲದ್ದು, ಗೆರೆ, ಚೌಕಳಿ, ಗೆರೆ, ಚೌಕಳಿ, ಗೆರೆ —